ಮಂಚಿನ ಖರ್ಚು

ಕೊಂಬು ಇರಲಿಲ್ಲ. ‘ಮುಂಚಿನ ಖರ್ಚು’ ಎಂದಿರಬೇಕಾದ ಕಡೆ, ಕೋಷ್ಟಕದ ನೆತ್ತಿಯ ಮೇಲೆ, ದಪ್ಪ ಅಕ್ಷರದಲ್ಲಿ ‘ಮಂಚಿನ ಖರ್ಚು’ ಎಂದು ಅಚ್ಚಾಗಿತ್ತು. ಅವಳು ಪುಸ್ತಿಕೆಯನ್ನು ಮುಚ್ಚಿ, ಚಹಾದ ಲೋಟ ಎತ್ತಿ ಒಂದು ಗುಟುಕು ಕುಡಿದು, ಏನೂ ಆಗದವಳ ಹಾಗೆ ಕಿಟಕಿಯ ಕಡೆ ನೋಡಿ, ಮತ್ತೆ ತೆರೆದಳು. ಮ ಅಕ್ಷರದ ಬಲಗಡೆ ಅಂಟಿಕೊಂಡಿರಬೇಕಾದ ಆ ಸಣ್ಣ ಗೀಟು ಆಗಲೂ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಯ್ಯೋ, ತಪ್ಪು ನುಸುಳಿತಲ್ಲ ಎಂದು ನಾಲಿಗೆ ಕಚ್ಚಿಕೊಂಡು ತಿಂಡಿಗೆ ಕೂರುತ್ತಿದ್ದರು. ಅವಳಿಗೆ ಆ ಭಾಗ್ಯವಿರಲಿಲ್ಲ. ಕೊಂಬು ಕಾಣೆಯಾಗುವುದೆಂದರೆ ಏನು, ಅದರ ಹಿಂದೆ ಏನೇನು ಬರಬಹುದು ಎಂಬುದು ಆ ಊರಿನಲ್ಲಿ ಅವಳೊಬ್ಬಳಿಗೇ ಚೆನ್ನಾಗಿ ಗೊತ್ತಿತ್ತು.

ಅಚ್ಚುಕೂಟದಲ್ಲಿ ಕರಡು ತಿದ್ದುವುದು ಅವಳ ಕೆಲಸ. ಬೇರೆಯವರ ಕಣ್ಣಿಗೆ ಬೀಳದ್ದು ಅವಳ ಕಣ್ಣಿಗೆ ಬೀಳಬೇಕು, ಅದಕ್ಕೇ ಸಂಬಳ. ಎರಡು ವರ್ಷದ ಹಿಂದೆ ಆ ಕಣ್ಣು ಸಂಜೆ ಅಚ್ಚುಕೂಟ ಬಾಗಿಲು ಹಾಕಿದ ಮೇಲೂ ಕೆಲಸ ನಿಲ್ಲಿಸದೆ ಹೋಯಿತು. ಬೀದಿಯ ಫಲಕಗಳಲ್ಲಿ, ಬಸ್ಸಿನ ಬೆನ್ನಿನಲ್ಲಿ, ಔಷಧದ ಪೊಟ್ಟಣದಲ್ಲಿ ಎಲ್ಲೆಲ್ಲೂ ಕೊಂಬು ಉದುರುತ್ತಿದೆ, ಉದುರುತ್ತಿಲ್ಲ, ಯಾರೋ ಕೀಳುತ್ತಿದ್ದಾರೆ, ಕಿತ್ತು ಒಂದು ಕಡೆ ಕೂಡಿಡುತ್ತಿದ್ದಾರೆ, ಎಲ್ಲ ಕೊಂಬೂ ಸೇರಿದ ದಿನ ಏನೋ ನಡೆಯಲಿದೆ. ಅಚ್ಚುಕೂಟದ ಯಜಮಾನರು ಯಾವುದೋ ಮಾತಿಗೆ ‘ನಿನಗೇನು ಕೊಂಬು ಬಂದಿದ್ಯಾ?’ ಎಂದು ಗದರಿದಾಗ ಅವಳು ಗಂಭೀರವಾಗಿ ತಲೆ ಮುಟ್ಟಿ ನೋಡಿಕೊಂಡಿದ್ದಳು. ಕೊನೆಗೆ ಒಂದು ಮಧ್ಯಾಹ್ನ ಹಾಸಿಗೆ ಅಂಗಡಿಯ ಮುಂದೆ ಏಣಿ ಹಾಕಿ, ಕೆಂಪು ಬಣ್ಣದ ಡಬ್ಬಿ ಹಿಡಿದು ಮೇಲೆ ಹತ್ತಿದ್ದಳು. ‘ಸುಖಶಯನ’ ಎಂಬ ಹೆಸರಿನ ಕೊಂಬು ಬಿದ್ದುಹೋಗಿ ಅದು ‘ಸಖಶಯನ’ ಆಗಿತ್ತು. ಕೆಳಗೆ ಜನ ಸೇರಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಗ, ನಗುವವರಲ್ಲಿ ಕಳ್ಳನೂ ಇದ್ದಾನೆಂದು ಅವಳು ಒಬ್ಬೊಬ್ಬರ ಜೇಬನ್ನೂ ಮೇಲಿನಿಂದಲೇ ದಿಟ್ಟಿಸಿದ್ದಳು. ಈಗಲೂ ಆ ದಾರಿಯಲ್ಲಿ ಹೋದರೆ ಹಾಸಿಗೆ ಅಂಗಡಿಯವನು ‘ಏನಮ್ಮಾ, ಬೋರ್ಡು ಸರಿಯಾಗಿದ್ಯಾ?’ ಎಂದು ನಗುತ್ತಾನೆ. ಅವಳೂ ನಗುತ್ತಾಳೆ, ಮುಂದಿನ ತಿರುವಿನವರೆಗೆ ಕಿವಿ ಬಿಸಿಯಾಗಿರುತ್ತದೆ.

ಏಣಿಯಿಂದ ಇಳಿದ ವಾರದಲ್ಲೇ ಮುಂಚೆಯವರು ಮನೆಗೆ ಬಂದಿದ್ದರು. ಆಸ್ಪತ್ರೆ ಮಂಡಳಿಯ ಒಂದು ಪುಟ್ಟ ತಂಡ ಅದು. ಬುದ್ಧಿ ಹಳಿ ತಪ್ಪಲು ಶುರುವಾದ ಎಳೆಯರ ಮನೆಗೆ, ರೋಗ ಬೇರುಬಿಡುವ ಮುಂಚೆಯೇ ಹೋಗುವವರು. ಅದಕ್ಕೆ ಊರಿನವರ ಬಾಯಲ್ಲಿ ಅವರ ಹೆಸರೇ ಮುಂಚೆಯವರು. ಬಂದ ಸಿಸ್ಟರ್ ಒಳಗೆ ಬರಲು ಅವಸರ ಮಾಡಲಿಲ್ಲ. ಮೆಟ್ಟಿಲ ಮೇಲೆ ಅವಳ ಪಕ್ಕ ಕೂತು, ಯಾವ ಯಾವ ಕೊಂಬು ಹೋಗಿದೆ ಎಂದು ಕೇಳಿ, ಎಲ್ಲವನ್ನೂ ಕೇಳಿದ ಮೇಲೆ ‘ಕೊಂಬು ಬಿದ್ದಿರೋದು ನಿಜ ಕಣಮ್ಮ. ಕಳ್ಳ ಮಾತ್ರ ಇಲ್ಲ’ ಎಂದಿದ್ದರು. ಆ ಮಾತು ತಲೆಗೆ ಹೋಗುವುದಕ್ಕೆ ಮಾತ್ರೆಯೂ ಬೇಕಾಯಿತು, ಕೆಲವು ತಿಂಗಳೂ ಬೇಕಾಯಿತು. ನಡುವೆ ಸಿಸ್ಟರ್ ಅಚ್ಚುಕೂಟಕ್ಕೂ ಹೋಗಿ ಯಜಮಾನರ ಎದುರು ಕೂತು, ಅರ್ಧ ದಿನದ ಕೆಲಸವನ್ನಾದರೂ ಅವಳಿಗಾಗಿ ಉಳಿಸಿ ಎಂದು ಗೋಗರೆದು ಉಳಿಸಿಕೊಂಡು ಬಂದಿದ್ದರು. ಆ ಸಿಸ್ಟರ್ ಇಲ್ಲದಿದ್ದರೆ ತಾನಿವತ್ತು ಈ ಮೇಜಿನ ಮುಂದೆ ಚಹಾ ಕುಡಿಯುತ್ತಿರಲಿಲ್ಲ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿಲ್ಲ. ಇವತ್ತು ಹನ್ನೊಂದು ಗಂಟೆಗೆ ಮಂಡಳಿಯ ಸಭೆ. ತಂಡದಿಂದ ಆಗುವ ಲಾಭ ಅದಕ್ಕೆ ಆಗುವ ಖರ್ಚಿಗೆ ತಕ್ಕದ್ದೋ ಅಲ್ಲವೋ ನೋಡಿ, ಅಲ್ಲವೆನಿಸಿದರೆ ಮುಚ್ಚುತ್ತಾರೆ. ತಂಡದಿಂದ ಗುಣವಾದವಳೆಂದು ಇವಳನ್ನು ಕರೆದಿದ್ದಾರೆ.

ಸಭೆಯ ಮುಂದಿಡಲು ತಂಡದ ಲೆಕ್ಕ ಬರೆದ ಈ ಪುಸ್ತಿಕೆ ಅಚ್ಚಾದದ್ದು ಅವಳ ಅಚ್ಚುಕೂಟದಲ್ಲೇ, ಕರಡು ನೋಡಿದವಳೂ ಅವಳೇ. ಅದರಲ್ಲಿ ‘ಅಕ್ಷರಗಳ ಕೊಂಬು ಕಳವಾಗುತ್ತಿದೆಯೆಂದು ನಂಬಿದ್ದ ಯುವತಿ’ ಎಂದು ಒಂದು ಉದಾಹರಣೆ ಇತ್ತು. ತನ್ನ ಹುಚ್ಚಿನ ಆ ವಿವರದಲ್ಲಿ ಬಿಟ್ಟುಹೋಗಿದ್ದ ಒಂದು ಅಲ್ಪವಿರಾಮವನ್ನು ಅವಳೇ ಹಾಕಿದ್ದಳು. ಅಲ್ಲಿಯವರೆಗೆ ಕೆಲಸ ಸರಾಗವಾಗಿತ್ತು. ಆದರೆ ಕೋಷ್ಟಕದ ಪುಟಕ್ಕೆ ಬಂದಾಗ ‘ಮಂಚಿನ’ ಕಂಡಿತು, ಕಂಡ ಕೂಡಲೇ ಪೆನ್ನು ಅಲ್ಲೇ ನಿಂತಿತು: ಹೀಗೇ ಅಲ್ಲವೇ ಶುರುವಾದದ್ದು? ಅನುಮಾನ ಬಂದರೆ ಪಕ್ಕದವರನ್ನು ಕೇಳು ಎಂದು ಸಿಸ್ಟರ್ ಹೇಳಿಕೊಟ್ಟಿದ್ದರು. ಪಕ್ಕದಲ್ಲಿ ಅಕ್ಷರ ಜೋಡಿಸುವವನು ಏನೋ ಹಾಡು ಗುನುಗುತ್ತಿದ್ದ. ಏಣಿಯ ದಿನ ಕೆಳಗೆ ನಿಂತು ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಅವನನ್ನು ಕೇಳುವುದಕ್ಕಿಂತ ಕೊಂಬು ಇದೆಯೆಂದು ನಂಬುವುದೇ ಆರೋಗ್ಯ ಎನಿಸಿ ಪುಟ ಮಗುಚಿದ್ದಳು. ಆ ಸಂಜೆ ತಾನು ಪೂರ್ತಿ ಗುಣವಾದೆನೆಂದು ತನಗೇ ಒಂದು ಐಸ್‌ಕ್ರೀಮ್ ಕೊಡಿಸಿಕೊಂಡಿದ್ದಳು.

ಅಮ್ಮ ಒಗೆದ ಬಟ್ಟೆ ಮಡಚುತ್ತಿದ್ದಳು. ಅವಳ ಮುಂದೆ ಪುಸ್ತಿಕೆ ಹಿಡಿದು, ಬೆರಳಿಟ್ಟು, ‘ಅಮ್ಮ, ಇದನ್ನ ಸ್ವಲ್ಪ ಓದು’ ಎಂದಳು.

‘ಮುಂಚಿನ ಖರ್ಚು,’ ಎಂದಳು ಅಮ್ಮ, ಕನ್ನಡಕವನ್ನೂ ಹಾಕಿಕೊಳ್ಳದೆ. ‘ಯಾಕೆ?’

‘ಸರಿಯಾಗಿ ನೋಡು.’

‘ಸರಿಯಾಗೇ ನೋಡಿದೆ. ಮುಂಚಿನ ಖರ್ಚು. ನೀನು ಹೊರಡೋದು ಬಿಟ್ಟು ಇದೇನು ಪರೀಕ್ಷೆ?’

ಅವಳು ಪುಸ್ತಿಕೆಯನ್ನು ಕಣ್ಣಿನ ಹತ್ತಿರ ತಂದು ಮತ್ತೆ ನೋಡಿದಳು. ಅಷ್ಟರಲ್ಲಿ ತೀರಿಕೊಂಡ ಅಪ್ಪನ ಕೋಟು ತೊಟ್ಟು, ತಲೆಗೂದಲಿಗೆ ನೀರು ಹಚ್ಚಿ ಒತ್ತಿ ಬಾಚಿಕೊಂಡು ಹಿಂದಿನ ಕೋಣೆಯಿಂದ ಬಂದ ಚಿಕ್ಕಪ್ಪ, ಅವಳ ಭುಜದ ಮೇಲಿಂದ ಬಗ್ಗಿ ನೋಡಿ, ‘ಮಂಚಿನ ಖರ್ಚು,’ ಎಂದು ಬಿಡಿಬಿಡಿಯಾಗಿ ಓದಿದ. ‘ಯಾರ ಮಂಚ?’

ಚಿಕ್ಕಪ್ಪ ಇದ್ದದ್ದನ್ನು ಇದ್ದ ಹಾಗೆ ಓದುವವನು. ಇಪ್ಪತ್ತರ ವಯಸ್ಸಿನಲ್ಲಿ ಅವನಿಗೂ ಹೀಗೇ ಶುರುವಾಗಿತ್ತು, ಅಕ್ಷರದಿಂದಲ್ಲ, ರೇಡಿಯೋದಿಂದ. ಮನೆಯವರು ಸೋಮಾರಿತನ ಅಂದರು, ಅಹಂಕಾರ ಅಂದರು, ಮದುವೆ ಮಾಡಿದರೆ ಸರಿಹೋಗುತ್ತದೆ ಅಂದರು. ವೈದ್ಯರ ಹತ್ತಿರ ಹೋಗುವ ಹೊತ್ತಿಗೆ ವರ್ಷಗಳೇ ಉರುಳಿದ್ದವು. ಈಗ ಅವನು ಶಾಂತ, ಸಣ್ಣಪುಟ್ಟ ಕೆಲಸಕ್ಕೆ ಕೈ ನೀಡುತ್ತಾನೆ, ಸುಮ್ಮನಿದ್ದಾಗ ತುಟಿ ಅಲ್ಲಾಡುತ್ತದೆ. ತನಗೆ ಶುರುವಾದ ದಿನಗಳಲ್ಲಿ ಅವಳು ಅವನ ಎದುರು ಊಟಕ್ಕೆ ಕೂರುವುದನ್ನೇ ಬಿಟ್ಟಿದ್ದಳು, ಅವನ ಲೋಟವನ್ನು ದೂರ ಸರಿಸುತ್ತಿದ್ದಳು, ಅಂಟುರೋಗದ ಹಾಗೆ. ಅವನು ಗಮನಿಸಿದ್ದನೋ ಇಲ್ಲವೋ ಇವತ್ತಿಗೂ ತಿಳಿಯದು. ಈಗ ಅಮ್ಮ ಒಂದು ಕಡೆ, ಚಿಕ್ಕಪ್ಪ ಒಂದು ಕಡೆ, ತಾನು ಚಿಕ್ಕಪ್ಪನ ಕಡೆ. ಸಮಾಧಾನಪಡಬೇಕೋ ಹೆದರಬೇಕೋ ಗೊತ್ತಾಗದೆ ಅವಳಿಗೆ ನಗು ಬಂತು.

‘ಅತ್ತಿಗೆ ಮಂಡಿನೋವು ಅಂತಾರೆ, ನಿನ್ನ ಜೊತೆ ನಾನೇ ಬರ್ತೀನಿ,’ ಎಂದ ಚಿಕ್ಕಪ್ಪ. ಕೋಟಿನ ರಹಸ್ಯ ಆಗ ತಿಳಿಯಿತು.

‘ಅಲ್ಲಿ ಸುಮ್ಮನೆ ಕೂತಿರ್ಬೇಕಪ್ಪಾ,’ ಎಂದಳು ಅಮ್ಮ, ಮಗಳ ಕಡೆ ಒಂದು ಕಣ್ಣಿಟ್ಟು. ‘ನೀನು ಬಾಯಿ ತೆಗೆದ್ರೆ ಇವಳ ಮಾನ ಹೋಗುತ್ತೆ.’

‘ನಾನು ಯಾವಾಗ ಬಾಯಿ ತೆಗೆದೆ?’ ಎಂದ ಅವನು, ನಿಜವಾಗಿ ನೊಂದು.

ಬಟ್ಟೆ ಆರಿಸುವುದೇ ಒಂದು ರಾಮಾಯಣವಾಯಿತು. ಚೆನ್ನಾಗಿ ಕಂಡರೆ, ಇವಳಿಗೇನಾಗಿತ್ತು, ತಾನಾಗೇ ಸರಿಹೋಗುತ್ತಿದ್ದಳು ಅನ್ನುತ್ತಾರೆ; ಮಂಕಾಗಿ ಕಂಡರೆ, ಇಷ್ಟು ಖರ್ಚು ಮಾಡಿ ಇಷ್ಟೇನಾ ಅನ್ನುತ್ತಾರೆ. ಕನ್ನಡಿಯ ಮುಂದೆ ನಿಂತು ತಕ್ಕಮಟ್ಟಿಗೆ ಗುಣವಾದ ಮುಖವೊಂದನ್ನು ಮಾಡಲು ನೋಡಿದಳು. ಹುಬ್ಬು ಕೊಂಚ ಮೇಲೆತ್ತಿದರೆ ಗಾಬರಿಯಾದವಳ ಹಾಗೆ ಕಾಣುತ್ತಿತ್ತು, ಇಳಿಸಿದರೆ ನಿದ್ದೆಗಣ್ಣು. ‘ನೀನು ನೀನಾಗಿರು, ಸಾಕು’ ಎಂದಿದ್ದರು ಸಿಸ್ಟರ್. ಹಿಂದೆ ಅದೇ ತಾನೇ ಕೈಕೊಟ್ಟದ್ದು? ಇದೇ ಕನ್ನಡಿಯ ಮುಂದೆ ನಿನ್ನೆ ಅವಳು ಒಂದು ವಾಕ್ಯವನ್ನು ಅಭ್ಯಾಸ ಮಾಡಿದ್ದಳು: ಮುಂಚೆಯವರು ಬರದೇ ಇದ್ದಿದ್ದರೆ ನಾನೂ ನಮ್ಮ ಚಿಕ್ಕಪ್ಪನ ಹಾಗೆ ಆಗ್ತಿದ್ದೆ. ಈ ಒಂದು ಮಾತಿಗೆ ಮಂಡಳಿ ಕರಗುತ್ತದೆ ಎಂದು ಗೊತ್ತಿತ್ತು. ಹಾಗೆ ಹೇಳಿದ ಬಾಯಿಯನ್ನು ಕನ್ನಡಿಯಲ್ಲಿ ನೋಡಿ ನಾಚಿಕೆಯಾಗಿ ದೀಪ ಆರಿಸಿದ್ದಳು. ಈಗ ಆ ಚಿಕ್ಕಪ್ಪನೇ ಹೊಸ್ತಿಲಲ್ಲಿ ನಿಂತು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾನೆ. ಅವಳು ದಿನಾ ಹಾಕುವ ತಿಳಿಹಸಿರು ಬಟ್ಟೆಯನ್ನೇ ಹಾಕಿಕೊಂಡು ಹೊರಟಳು.

ಸಭೆಯ ಕೋಣೆ ಅವಳು ಹೆದರಿದಷ್ಟು ದೊಡ್ಡದಿರಲಿಲ್ಲ. ಉದ್ದನೆಯ ಮೇಜು, ಮೇಲೆ ಕಿರುಗುಟ್ಟುವ ಫ್ಯಾನು, ಪ್ರತಿಯೊಬ್ಬರ ಮುಂದೆ ನೀರಿನ ಬಾಟಲಿ ಮತ್ತು ಅವಳ ತಪ್ಪು. ಅಷ್ಟೂ ಪ್ರತಿಗಳಲ್ಲಿ ಅದೇ ತಪ್ಪು, ಅಷ್ಟೂ ಜನರ ಕೈಯಲ್ಲಿ. ಅಧ್ಯಕ್ಷೆ ಬೆಳ್ಳಿಗೂದಲಿನ ಹೆಂಗಸು, ಶಾಲೆಯ ಮೇಡಂ ಹಾಗೆ ಎಲ್ಲರನ್ನೂ ಒಂದೇ ನೋಟದಲ್ಲಿ ಎಣಿಸುತ್ತಿದ್ದರು. ಹಣಕಾಸಿನ ಅಧಿಕಾರಿ ಸಣ್ಣ ವಯಸ್ಸಿನವನು, ಪುಸ್ತಿಕೆ ಬರೆದವನು ಅವನೇ. ಮಾತಾಡುವ ಮುಂಚೆ ಟೈ ಸಡಿಲಿಸಿಕೊಂಡ. ಅವನಿಗೂ ಭಯವಿದೆ ಎಂದು ತಿಳಿದು ಅವಳಿಗೆ ಅವನ ಮೇಲೆ ಅಕ್ಕರೆ ಬಂತು. ಸಿಸ್ಟರ್ ಗೋಡೆಯ ಪಕ್ಕದ ಕುರ್ಚಿಯಿಂದ ಅವಳಿಗೆ ಕಣ್ಣಲ್ಲೇ ಧೈರ್ಯ ಹೇಳಿದರು, ಕೋಟು ತೊಟ್ಟ ಚಿಕ್ಕಪ್ಪನನ್ನು ಕಂಡು ಒಂದು ಕ್ಷಣ ಆ ಕಣ್ಣು ದೊಡ್ಡದಾಯಿತು.

ಅಧಿಕಾರಿ ಶುರು ಮಾಡುವಷ್ಟರಲ್ಲಿ ಎದುರಿಗಿದ್ದ ದಪ್ಪ ಮೀಸೆಯ ಸದಸ್ಯರು ಕೈ ಎತ್ತಿದರು. ‘ನಾನು ಮರದ ವ್ಯಾಪಾರ ಮಾಡ್ತಾ ಮಾಡ್ತಾ ತಲೆ ನರೆತವನು. ಈ ದುಡ್ಡಿಗೆ ಯಾವ ಮರದ ಮಂಚ ಬರುತ್ತೆ ಅಂತ ಯಾರಾದ್ರೂ ಹೇಳಿ ನೋಡೋಣ.’

‘ಮಂಚ?’ ಎಂದ ಅಧಿಕಾರಿ.

‘ಇಲ್ಲಿ ಬರೆದಿದೆಯಲ್ಲ. ಮಂಚಿನ ಖರ್ಚು.’

‘ಹೌದು ಸಾರ್, ಮುಂಚಿನ ಖರ್ಚು.’

‘ನಾನೂ ಅದೇ ಹೇಳ್ತಿರೋದು. ಇವರು ಮನೆ ಮನೆಗೆ ಹೋಗೋರು. ಮಂಚ ಹೊತ್ಕೊಂಡು ಹೋಗ್ತಾರಾ?’

ಯಾರೋ ಕಿಸಕ್ಕೆಂದರು. ಅಧಿಕಾರಿ ಪುಟ ನೋಡಿ ತಾನು ಬರೆದದ್ದನ್ನೇ ಓದಿಕೊಂಡು ತಲೆಯೆತ್ತಿದ. ‘ಅದು ಮುಂಚಿನದು ಸಾರ್, ಮೊದಲಿಗೇ ಆಗೋದು.’ ‘ಮೊದಲಿಗೇ ಮಂಚ ಕೊಳ್ಳೋದು ಯಾಕೆ ಅಂತಲೇ ಕೇಳ್ತಿದ್ದೀನಿ,’ ಎಂದರು ಮೀಸೆಯವರು, ಈಗ ದನಿ ಏರಿಸಿ. ಪಕ್ಕದವರೂ ಪುಟ ತಿರುವಿ, ಹೌದಲ್ಲ, ಇದು ದುಂದುವೆಚ್ಚವೇ ಎಂಬಂತೆ ತಲೆದೂಗತೊಡಗಿದರು.  ಒಂದೇ ಮಾತಿನಲ್ಲಿ ಮುಗಿಯುವ ವಿಷಯ. ಆದರೆ ಆ ಒಂದು ಮಾತು, ಇಡೀ ಭೂಮಿಯ ಮೇಲೆ ಅವಳೊಬ್ಬಳು ಮಾತ್ರ ಆಡಬಾರದಂಥ ಮಾತು. ಎರಡು ಪುಟ ಹಿಂದೆ ಅವಳ ರೋಗದ ವಿವರ ಅಚ್ಚಾಗಿ ಕೂತಿದೆ, ಅಲ್ಪವಿರಾಮ ಸಮೇತ. ಹೇಳಿದರೆ ಗುಣವಾಗಿಲ್ಲ, ತಂಡ ದಂಡ. ಹೇಳದಿದ್ದರೆ ಮಂಚದ ದುಂದುಗಾರಿಕೆ, ತಂಡ ದಂಡ. ಸಿಸ್ಟರ್ ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡ ಆ ಮಧ್ಯಾಹ್ನ ಅವಳಿಗೆ ನೆನಪಾಯಿತು, ಕಿತ್ತುಹೋದ ಚಪ್ಪಲಿಯ ಪಟ್ಟಿಗೆ ಅವರು ಪಿನ್ನು ಚುಚ್ಚಿಕೊಂಡಿದ್ದರು. ಅವಳು ಎದ್ದು ನಿಂತಳು.

‘ಅಲ್ಲಿ ಕೊಂಬು ಬಿದ್ದಿದೆ,’ ಎಂದಳು.

 ಒಬ್ಬೊಬ್ಬರಾಗಿ ಎರಡು ಪುಟ ಹಿಂದಕ್ಕೆ ತಿರುವುವುದು ಅವಳಿಗೆ ಕಂಡಿತು. ಅಧ್ಯಕ್ಷೆ ತುಂಬ ಮೆತ್ತಗೆ, ಮಗುವಿನೊಡನೆ ಮಾತಾಡುವ ಹಾಗೆ, ‘ಕೂತ್ಕೋಮ್ಮ. ಸ್ವಲ್ಪ ನೀರು ಕುಡಿ,’ ಎಂದರು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು. ಏಣಿಯ ಕೆಳಗಿನ ನಗು ಕೂಡ ಇಷ್ಟು ಚುಚ್ಚಿರಲಿಲ್ಲ.

‘ಅವಳು ಹೇಳ್ತಿರೋದು ನಿಜ,’ ಎಂದು ಹಿಂದಿನಿಂದ ದನಿ ಬಂತು. ಚಿಕ್ಕಪ್ಪ ಎದ್ದು ನಿಂತು ಕೋಟನ್ನು ಎಳೆದು ಸರಿಮಾಡಿಕೊಂಡ. ‘ಬೆಳಗ್ಗೆ ನಾನೂ ನೋಡಿದೆ. ಕೊಂಬಿಲ್ಲ.’

‘ತಾವು ಯಾರು?’ ಎಂದರು ಅಧ್ಯಕ್ಷೆ.

‘ನಾನು ಅವಳ ಚಿಕ್ಕಪ್ಪ. ನನಗೂ ಇದೇ ಕಾಯಿಲೆ.’

ಸಿಸ್ಟರ್ ಕಣ್ಣು ಮುಚ್ಚಿಕೊಂಡರು. ಸಾಕ್ಷಿ ಹೇಳಲು ಇವನಿಗಿಂತ ಒಳ್ಳೆಯವನು ಸಿಗಲಾರ ಎಂದುಕೊಂಡಳು ಅವಳು, ಅಳು ಬರುವ ಜಾಗದಲ್ಲಿ ನಗು ಒತ್ತರಿಸಿ ಬಂದು ತುಟಿ ಕಚ್ಚಿ ಹಿಡಿದಳು. ಆಗ ಹಣಕಾಸಿನ ಅಧಿಕಾರಿ ಪುಸ್ತಿಕೆಯನ್ನು ಮೂಗಿನವರೆಗೆ ತಂದು, ಬೆರಳಿಟ್ಟು, ಅಕ್ಷರ ಕಲಿಯುವವನ ಹಾಗೆ ಓದಿದ. ‘ಮ. ಮಂ. ಮಂಚಿನ. ಅರೆ! ಹೌದಲ್ಲ, ಕೊಂಬೇ ಇಲ್ಲ!’ ಮೀಸೆಯವರು ತಮ್ಮ ಪ್ರತಿಯನ್ನು ದೂರ ಹಿಡಿದು, ಹತ್ತಿರ ಹಿಡಿದು, ‘ಹಾಗಾದ್ರೆ ಮಂಚವೇ ಇಲ್ವಾ?’ ಎಂದರು. ಅವರ ದನಿಯಲ್ಲಿ ಎಂಥ ನಿರಾಶೆಯಿತ್ತೆಂದರೆ ಇಡೀ ಕೋಣೆ ಘೊಳ್ಳೆಂದು ನಕ್ಕಿತು. ಅಧ್ಯಕ್ಷೆಯೂ ನಕ್ಕರು.

ನಗು ತಣ್ಣಗಾದ ಮೇಲೆ ಅವಳು ಇದ್ದದ್ದನ್ನು ಹೇಳಿದಳು. ಕರಡು ನೋಡಿದ್ದು ತಾನೇ, ತಪ್ಪು ಕಂಡಿತ್ತು, ಕಂಡದ್ದು ನಿಜವೋ ಹಳೆಯ ರೋಗವೋ ಎಂದು ಹೆದರಿ ಬಿಟ್ಟುಬಿಟ್ಟೆ ಎಂದು. ‘ಕೇಳಬೇಕಿತ್ತು. ನಾಚಿಕೆಯಾಗಿ ಕೇಳ್ಲಿಲ್ಲ. ನನ್ನದೇ ತಪ್ಪು.’ ಹೇಳಿದ ಮೇಲೆ ಹಗುರವಾಯಿತು, ತಕ್ಕಮಟ್ಟಿಗೆ ಗುಣವಾದ ಮುಖ ತಾನಾಗೇ ಬಂದು ಕೂತಿತ್ತೋ ಏನೋ.

‘ಆಯ್ತು, ಕೊಂಬು ಸಿಕ್ತು,’ ಎಂದರು ಮೀಸೆಯವರು, ಈಗ ಮೃದುವಾಗಿ. ‘ಆದ್ರೆ ನಾನು ವ್ಯಾಪಾರಿ, ಕೇಳಲೇಬೇಕು. ಈ ಹುಡುಗಿ ಜಾಣೆ, ಎದ್ದು ನಿಂತು ಮಾತಾಡ್ತಾಳೆ. ನೀವು ಯಾರೂ ಹೋಗದೇ ಇದ್ದಿದ್ರೂ ಸರಿಹೋಗ್ತಿದ್ಲೋ ಏನೋ. ಅದು ಹೇಗೆ ಗೊತ್ತಾಗ್ಬೇಕು?’

ಎಲ್ಲರೂ ಅವಳ ಕಡೆ ನೋಡಿದರು. ಕನ್ನಡಿಯ ಮುಂದಿನ ವಾಕ್ಯ ಕಟ್ಟಿಟ್ಟ ಗಂಟಿನ ಹಾಗೆ ನಾಲಿಗೆಯ ಮೇಲಿತ್ತು. ಹಿಂದೆ ಚಿಕ್ಕಪ್ಪ ಇನ್ನೂ ನಿಂತೇ ಇದ್ದ. ಇವನು ಈಗಷ್ಟೇ ತನ್ನ ಮಾನ ಉಳಿಸಿದವನು. ಇವನನ್ನು ಬೊಟ್ಟುಮಾಡಿ ತೋರಿಸಿ, ನೋಡಿ, ಹೀಗಾಗುತ್ತಿದ್ದೆ ಎನ್ನುವುದೇ? ಸಿಸ್ಟರನ್ನು ಉಳಿಸಿಕೊಳ್ಳಲು ಇದೊಂದೇ ದಾರಿಯಾದರೂ ಬಾಯಿ ಬರಲಿಲ್ಲ. ‘ಗೊತ್ತಿಲ್ಲ,’ ಎಂದುಬಿಟ್ಟಳು. ಸಿಸ್ಟರ್ ತಲೆ ತಗ್ಗಿಸಿದರು.

‘ಸಾರ್,’ ಎಂದ ಚಿಕ್ಕಪ್ಪ, ಅಧಿಕಾರಿಗೆ. ‘ಆ ಮುಂಚಿನ ಖರ್ಚಿನ ಪಕ್ಕದಲ್ಲಿ ತಡದ ಖರ್ಚು ಅಂತಿದೆ. ಅದು ಏನು?’

ಅಧಿಕಾರಿ ಅವನನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಟೈ ಸಡಿಲಿಸಿಕೊಂಡ. ‘ಅದು... ರೋಗ ಶುರುವಾಗಿ ಬಹಳ ವರ್ಷ ಆದ್ಮೇಲೆ ಚಿಕಿತ್ಸೆಗೆ ಬಂದವರದ್ದು. ಅವರು ಆಸ್ಪತ್ರೆಯಲ್ಲಿ ಜಾಸ್ತಿ ದಿನ ಇರ್ಬೇಕಾಗುತ್ತೆ. ಕೆಲಸ ಹೋಗಿರುತ್ತೆ. ನೋಡ್ಕೊಳ್ಳೋಕೆ ಮನೆಯವರೂ ಕೆಲಸ ಬಿಟ್ಟಿರ್ತಾರೆ. ಎಲ್ಲ ಸೇರಿ ಮುಂಚಿನದಕ್ಕಿಂತ ಎಷ್ಟೋ ಪಟ್ಟು ಆಗುತ್ತೆ.’

‘ಓಹೋ,’ ಎಂದ ಚಿಕ್ಕಪ್ಪ. ಅವನ ಮುಖ ಅರಳಿತು. ‘ಅಂದ್ರೆ ಅದು ನಾನು. ಆಸ್ಪತ್ರೇಲಿ ಇದ್ದೆ, ಕೆಲಸಾನೂ ಹೋಯ್ತು, ನಮ್ಮಣ್ಣ ಓದು ಬಿಟ್ಟ. ಎಲ್ಲಾ ಸರಿಯಾಗಿ ಬರೆದಿದ್ದೀರ.’ ಸುತ್ತ ನೋಡಿ, ಎದೆಯುಬ್ಬಿಸಿ, ‘ಹಾಗಾದ್ರೆ ಇಲ್ಲಿರೋರಲ್ಲೆಲ್ಲ ದುಬಾರಿ ಮನುಷ್ಯ ನಾನೇ!’ ಎಂದ.

ಈ ಸಲ ಯಾರೂ ನಗಲಿಲ್ಲ, ಅವನೊಬ್ಬನೇ ನಕ್ಕ. ಆಮೇಲೆ ಅವಳಿಗೆ ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ತುಂಬಿಕೊಂಡೇ ನಕ್ಕಳು. ಮೀಸೆಯವರು ಪುಸ್ತಿಕೆ ಮುಚ್ಚಿ ಮೇಜಿನ ಮೇಲಿಟ್ಟು, ಇನ್ನೊಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಅವರನ್ನು ಹೊರಗೆ ಕೂರಿಸಿದರು. ಉದ್ದನೆಯ ಬೆಂಚು, ಸೋಪಿನ ವಾಸನೆಯ ಓಣಿ. ಚಿಕ್ಕಪ್ಪ ಕೋಟಿನ ಒಳಜೇಬಿನಲ್ಲಿ ಪೆಪ್ಪರಮಿಂಟು ಹುಡುಕಿ ತೆಗೆದ, ಅಪ್ಪನ ಕಾಲದ್ದಿರಬೇಕು, ಇಬ್ಬರೂ ಚೀಪಿದರು. ಬಾಗಿಲು ತೆರೆದಾಗ ಸಿಸ್ಟರ್ ಓಡುತ್ತ ಬಂದರು, ಓಡಬಾರದೆಂದು ನೆನಪಾಗಿ ನಡೆದರು, ಹತ್ತಿರ ಬಂದು ಮತ್ತೆ ಓಡಿದರು. ‘ಇನ್ನೆರಡು ವರ್ಷಕ್ಕೆ ಒಪ್ಪಿದ್ರು ಕಣೇ! ಆ ಪುಟ ಮಾತ್ರ ಮತ್ತೆ ಅಚ್ಚು ಮಾಡ್ಸಿ ಅಂದ್ರು.’ ಅವಳನ್ನು ತಬ್ಬಿಕೊಂಡರು, ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಚಿಕ್ಕಪ್ಪನ ಕೈ ಹಿಡಿದು ಜೋರಾಗಿ ಕುಲುಕಿದರು. ಅವನು ಸಂಕೋಚದಿಂದ ‘ಇರ್ಲಿ ಇರ್ಲಿ’ ಎಂದ.

ಹೊರಗೆ ಬಿಸಿಲು ಚುರುಕಾಗಿತ್ತು. ಆಸ್ಪತ್ರೆಯ ಗೇಟಿನ ಹತ್ತಿರ ಬಂದಾಗ ಅವಳು ಇನ್ನೂ ಏನೇನೋ ಹರಟುತ್ತಿದ್ದಳು: ಮೀಸೆಯವರ ಮುಖ, ಅಮ್ಮನಿಗೆ ಹೇಗೆ ಹೇಳುವುದು, ಯಜಮಾನರು ಎಷ್ಟು ಬೈಯಬಹುದು. ಚಿಕ್ಕಪ್ಪ ಹಿಂದೆ ಬಿದ್ದದ್ದು ಆಮೇಲೆ ಗೊತ್ತಾಯಿತು. ಅವನು ನಿಂತುಬಿಟ್ಟಿದ್ದ. ತುಟಿ ಅಲ್ಲಾಡುತ್ತಿತ್ತು. ಅವಳು ಹಿಂದಿರುಗಿ ಹೋಗಿ ಅವನ ತೋಳು ಹಿಡಿದಳು.

‘ಮಗು,’ ಎಂದ ಅವನು, ‘ನನಗೆ ಶುರುವಾದಾಗ ಈ ಮುಂಚೆಯವರು ಇದ್ರಾ?’

‘ಇರ್ಲಿಲ್ಲ ಚಿಕ್ಕಪ್ಪ. ಆಗ ಎಲ್ಲೂ ಇರ್ಲಿಲ್ಲ.’

 ಪಕ್ಕದಲ್ಲಿ ಒಂದು ಬಸ್ಸು ನಿಂತು, ಇಬ್ಬರೂ ಹತ್ತದ್ದನ್ನು ನೋಡಿ ಹೊರಟುಹೋಯಿತು.

‘ಹಾಗಾದ್ರೆ,’ ಎಂದ, ‘ತಡ ಮಾಡಿದ್ದು ನಾನಲ್ಲ.’

 ಇಷ್ಟು ವರ್ಷ ಹಿಂದಿನ ಕೋಣೆಯಲ್ಲಿ ಅವನು ಇದನ್ನೇ ಲೆಕ್ಕ ಹಾಕುತ್ತಿದ್ದನೇ?

‘ನೀನಲ್ಲ ಚಿಕ್ಕಪ್ಪ,’ ಎಂದಳು. ‘ನೀನು ಏನೂ ತಡ ಮಾಡ್ಲಿಲ್ಲ.’

ಅವನು ತಲೆಯಾಡಿಸಿದ. ಕೋಟಿನ ಗುಂಡಿಗಳನ್ನೆಲ್ಲ ಬಿಚ್ಚಿದ, ಸೆಖೆಯಾಗುತ್ತಿತ್ತು.

‘ಮನೆಗೆ ಹೋದ ತಕ್ಷಣ ಇದನ್ನ ಅತ್ತಿಗೆಗೆ ಹೇಳ್ಬೇಕು,’ ಎಂದ. ‘ನೀನೇ ಹೇಳು. ನಾನು ಹೇಳಿದ್ರೆ ನಂಬಲ್ಲ.’